ಚೂಡಾಮಣಿ ಟೀಚರ್ ಮನೆಯಲ್ಲಿ ಉಳಿದ ಒಂಬತ್ತು ಹುಡುಗಿಯರು

ಚೂಡಾಮಣಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿದು ಏನು ಬಂತು ಮಣ್ಣು? ಹೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತವಳು ನಾನೇ. ಒಂಬತ್ತು ಹುಡುಗಿಯರನ್ನು ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು ಒಬ್ಬಳನ್ನು ಕೊಂದಳು ಎಂದು ಅವಳ ಚರ್ಚಿನ ಸಭೆಯವರು ಇವತ್ತಿಗೂ ಅನ್ನುತ್ತಾರೆ. ಅವಳ ಹೆಸರಿಗೆ ಹತ್ತಿದ ಆ ಮಸಿಯಲ್ಲಿ ಮುಕ್ಕಾಲು ಪಾಲು ನನ್ನದು.

ಜಯನಗರ ಆಗ ಬರೀ ಹೊಲ. ನಮ್ಮ ಕಾಂಪೌಂಡಿನ ಆಚೆ ರಾಗಿ ಪೈರು, ಸಂಜೆಯಾದರೆ ನರಿಗಳ ಕೂಗು. ನಮ್ಮ ಯಜಮಾನರು ಬದರಿನಾಥರು ಬಸವನಗುಡಿ ಬಿಟ್ಟು ಇಲ್ಲಿ ಮನೆ ಕಟ್ಟಿಸಿದಾಗ ನೆಂಟರೆಲ್ಲ ವನವಾಸಕ್ಕೆ ಹೊರಟಿರಾ ಎಂದು ನಕ್ಕಿದ್ದರು. ಬಾಡಿಗೆಗೆಂದು ಹಿಂದುಗಡೆ ಕಟ್ಟಿಸಿದ ಎರಡು ಕೋಣೆಗೆ ಒಂದು ವರ್ಷ ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಗೆ ಬಂದವಳು ಚೂಡಾಮಣಿ. ಮಿಷನ್ ಶಾಲೆಯ ಟೀಚರು, ಮೂವತ್ತೈದರ ವಿಧವೆ, ಕ್ರೈಸ್ತಳು. ನಮ್ಮತ್ತೆ ಲಕ್ಷ್ಮಿದೇವಮ್ಮ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ರಾತ್ರಿ ಹೊತ್ತು ಹಿಂದೆ ಒಂದು ದೀಪವಾದರೂ ಕಾಣಲಿ ಎಂದು ಯಜಮಾನರು ಒಪ್ಪಿಕೊಂಡರು. ಷರತ್ತು ಒಂದೇ, ಮನೆಯಲ್ಲಿ ಮಾಂಸ ಬೇಯಿಸಕೂಡದು.

ಮೂರು ವರ್ಷ ಅವಳ ಒಲೆಯ ಮೇಲೆ ಒಂದು ಮೊಟ್ಟೆ ಬೆಂದದ್ದನ್ನು ಕಾಣೆ. ಅಂಥ ನಿಯತ್ತಿನವಳು. ಕಪ್ಪು ಕೊಡೆ ಹಿಡಿದು ಗಂಡಸರ ಹಾಗೆ ದಾಪುಗಾಲು ಹಾಕುತ್ತಿದ್ದಳು. ನನ್ನ ಮಗಳು ಜಯಾಗೆ ಲೆಕ್ಕ ತಲೆಗೆ ಹತ್ತಿಸಿದವಳು ಅವಳೇ. ನನಗೆ ವಿಷಮಶೀತ ಜ್ವರ ಬಂದಾಗ ನಮ್ಮವರು ಒಬ್ಬರೂ ಈ ಕಾಡಿಗೆ ಬಂದು ಇಣುಕಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಆರು ರಾತ್ರಿ ಕೂತವಳು ಚೂಡಾಮಣಿ. ಅತ್ತೆ ಕಂಡೂ ಕಾಣದ ಹಾಗೆ ಇದ್ದರು.

ಅವರ ಸಭೆಯಲ್ಲಿ ಒಂದು ಪದ್ಧತಿ. ಕ್ರಿಸ್‌ಮಸ್ ಬಂದರೆ ಯುವಜನ ಸಂಘದ ಹುಡುಗರು ರಾತ್ರಿಯೆಲ್ಲ ಮನೆಮನೆಗೆ ಹೋಗಿ ಹಾಡುತ್ತಾರೆ, ಕೊನೆಯ ಮನೆಯಲ್ಲಿ ಊಟ ಮಾಡಿ ಅಲ್ಲೇ ಮಲಗುತ್ತಾರೆ. ಅದೇ ಸಂಘದ ಹುಡುಗಿಯರಿಗೆ ಮಾತ್ರ ಹೊಸಿಲು ದಾಟುವ ಹಾಗಿಲ್ಲ. ‘ಅವಕ್ಕೇನು ಗಂಟಲಿಲ್ವಾ?’ ಎಂದು ಚೂಡಾಮಣಿ ನಾಲ್ಕು ವರ್ಷ ಸಭೆಯ ಹಿರಿಯರ ಜೊತೆ ಜಗಳ ಕಾದಳು. ಅರವತ್ತಮೂರನೇ ಇಸವಿಯಲ್ಲಿ ಅವರು ಅರೆಮನಸ್ಸಿನಿಂದ ಹೂಂ ಅಂದರು. ಹುಡುಗಿಯರು ಒಂಬತ್ತು ಗಂಟೆಗೆ ಹಾಡು ಮುಗಿಸಬೇಕು, ಟೀಚರ ಮನೆಯಲ್ಲೇ ಮಲಗಬೇಕು, ಟೀಚರು ಬಾಗಿಲಿಗೆ ಅಡ್ಡ ಮಲಗಿ ಕಾಯಬೇಕು. ಬೆಳಗ್ಗೆ ಒಬ್ಬೊಬ್ಬಳನ್ನೂ ತಾಯಿಯ ಕೈಗೆ ಒಪ್ಪಿಸುವ ಹೊಣೆ ಅವಳದು. ಸುಗಂಧಿ ಎಂಬ ಹುಡುಗಿಯ ತಾಯಿ ಒಪ್ಪಲೇ ಇಲ್ಲ. ಇರುವುದು ಒಂದೇ ಮಗಳು, ಹದಿನಾಲ್ಕು ವರ್ಷ. ಚೂಡಾಮಣಿ ಮೂರು ಸಲ ಅವರ ಮನೆ ಮೆಟ್ಟಿಲು ಹತ್ತಿ, ‘ನನ್ನ ಕೈಯಾರೆ ತಂದು ಒಪ್ಪಿಸ್ತೀನಮ್ಮ’ ಎಂದು ಮಾತು ಕೊಟ್ಟು ಬಂದಳು.

ನನ್ನ ಹತ್ತಿರವೂ ಕೇಳಲು ಬಂದಳು, ಕಣ್ಣಲ್ಲಿ ಹಬ್ಬ ತುಂಬಿಕೊಂಡು. ಕ್ರಿಸ್‌ಮಸ್ಸಿನ ಮಾರನೇ ದಿನವೇ ವೈಕುಂಠ ಏಕಾದಶಿ.

‘ಅತ್ತೆಯೋರು ನಾಲ್ಕು ಗಂಟೆಗೆಲ್ಲ ಪೂಜೆಗೆ ಕೂರ್ತಾರೆ ಕಣ್ರೀ’ ಎಂದೆ.

‘ಅಷ್ಟೊತ್ತಿಗೆ ಹುಡುಗೀರು ಸತ್ತ ಹಾಗೆ ನಿದ್ದೆ ಮಾಡ್ತಿರ್ತಾರೆ ವಾರಿಜಮ್ಮ’ ಎಂದಳು. ನಾನು ನಕ್ಕು, ಆಗಲಿ ಅಂದೆ.

ಕ್ರಿಸ್‌ಮಸ್ ರಾತ್ರಿ ಹಾಡು ನಮ್ಮ ಬೀದಿಗೂ ಬಂತು. ನಾನೂ ಜಯಾನೂ ಗೇಟಿನ ಹತ್ತಿರ ನಿಂತು ಕೇಳಿದೆವು. ಸುಗಂಧಿ ಯಾರೆಂದು ಜಯಾ ತೋರಿಸಿದಳು. ಎರಡು ಜಡೆ, ಹಲ್ಲು ಸ್ವಲ್ಪ ಮುಂದೆ, ಎಲ್ಲರಿಗಿಂತ ಜೋರು ದನಿ. ಹೊಟ್ಟೆಕಿಚ್ಚಾಗುವಷ್ಟು ಖುಷಿ ಅವಕ್ಕೆ.

ಒಂಬತ್ತು ದಾಟಿದ ಮೇಲೆ ಹಿತ್ತಿಲಿನಿಂದ ವಾಸನೆ ಬಂತು. ಯಾವಳೋ ಒಬ್ಬಳ ತಾಯಿ ಕ್ಯಾರಿಯರಿನಲ್ಲಿ ಮಟನ್ ಪಲಾವು ಕಟ್ಟಿ ಕಳಿಸಿದ್ದಾಳೆ, ಹುಡುಗಿಯರು ಅದನ್ನು ಹಿತ್ತಿಲಲ್ಲಿ ಇದ್ದಿಲು ಒಲೆಯ ಮೇಲೆ ಬಿಸಿ ಮಾಡುತ್ತಿದ್ದಾರೆ. ಅತ್ತೆ ಮೂಗಿಗೆ ಸೆರಗು ಹಿಡಿದು ನಡುಮನೆಗೆ ಬಂದರು. ‘ಏಕಾದಶಿ ಹೊಸಿಲಲ್ಲಿ ನಿಂತಿದೆ ಕಣೇ ವಾರಿಜಾ! ದೇವರ ಮನೆಗೇ ನುಗ್ತಿದೆ ನಾತ. ನೀನು ಹೇಳ್ತೀಯೋ, ನಾನು ಈಗಲೇ ಬಸವನಗುಡಿಗೆ ಹೋಗಲೋ?’

ನನಗೆ ತಲೆ ಕೆಟ್ಟಿತು. ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಚೂಡಾಮಣಿಯ ಮೇಲೆ ಸುರಿದೆ.

‘ಬೇಯಿಸಲಿಲ್ಲ ವಾರಿಜಮ್ಮ, ಮಕ್ಕಳು ಬಿಸಿ ಮಾಡ್ಕೊಂಡ್ರು ಅಷ್ಟೇ’ ಎಂದಳು, ಮುಖ ಸಣ್ಣಗೆ ಮಾಡಿ.

‘ನನಗದೆಲ್ಲ ಬೇಡ. ಪಾತ್ರೆ, ಒಲೆ, ಎಲ್ಲ ಒಳಗೆ ತಗೊಂಡು ಹೋಗಿ. ಕಿಟಕಿ ಎಲ್ಲ ಭದ್ರವಾಗಿ ಹಾಕ್ಕೊಳ್ಳಿ. ಬೆಳಗ್ಗೆ ಪೂಜೆ ಮುಗಿಯೋ ತನಕ ಒಂದು ಚೂರು ವಾಸನೆ ಈಚೆಗೆ ಬರಕೂಡದು.’

‘ಒಂಬತ್ತು ಮಕ್ಕಳು ರೀ. ಒಂದು ಕಿಟಕಿನಾದ್ರೂ ಬಿಡಿ.’

‘ಒಂದು ರಾತ್ರಿಗೆ ಯಾರೂ ಸಾಯಲ್ಲ, ಹಾಕ್ಕೊಳ್ರೀ’ ಎಂದೆ. ಇದೇ ಬಾಯಲ್ಲಿ ಅಂದೆ. ಅವಳು ಎದುರಾಡಲಿಲ್ಲ. ನನ್ನ ಕಣ್ಣೆದುರಿಗೇ ಒಳಕೋಣೆಯ ಎರಡೂ ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿದಳು.

ಡಿಸೆಂಬರ್ ಚಳಿ. ಮಂಜಿನಲ್ಲಿ ತಿರುಗಿ ಬಂದ ಹುಡುಗಿಯರು ನಡುಗುತ್ತಿದ್ದರಂತೆ. ಹೇಗೂ ಒಳಗಿದೆಯಲ್ಲ ಎಂದು ಒಲೆಗೆ ಇನ್ನೆರಡು ಹಿಡಿ ಇದ್ದಿಲು ಹಾಕಿ, ಸುತ್ತ ಮಲಗಿಕೊಂಡರು. ಚೂಡಾಮಣಿ ಹಿರಿಯರಿಗೆ ಒಪ್ಪಿಕೊಂಡಿದ್ದ ಪ್ರಕಾರ ಹೊರಕೋಣೆಯಲ್ಲಿ ಹೊರಬಾಗಿಲಿಗೆ ಅಡ್ಡ ಮಲಗಿದಳು. ಹೊರಗಿನಿಂದ ಯಾರೂ ಬರದ ಹಾಗೆ ಕಾದಳು. ಅಪಾಯ ಒಳಗೇ ಇದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ತಣ್ಣೀರು ಸುರಿದುಕೊಂಡು ಮಡಿಯುಟ್ಟು ಹೂವು ಬಿಡಿಸಲು ಹಿತ್ತಿಲಿಗೆ ಬಂದೆ. ಅಷ್ಟರಲ್ಲಿ ಚೂಡಾಮಣಿ ಕಿರುಚಿದಳು. ಒಳಕೋಣೆಯಲ್ಲಿ ಒಬ್ಬಳು ವಾಂತಿ ಮಾಡಿಕೊಂಡ ಸದ್ದಿಗೆ ಎಚ್ಚರವಾಗಿ ಹೋಗಿ ನೋಡಿದ್ದಾಳೆ, ಉಳಿದವರು ಅಲ್ಲಾಡುತ್ತಿಲ್ಲ. ನಾನು ಓಡಿದೆ. ‘ಮಡಿ ಕಣೇ!’ ಎಂದು ಅತ್ತೆ ಹಿಂದಿನಿಂದ ಕೂಗಿದರು. ಕಿವಿಗೆ ಹಾಕಿಕೊಳ್ಳಲಿಲ್ಲ. ನಾವಿಬ್ಬರೂ ಒಬ್ಬೊಬ್ಬಳ ಕಂಕುಳಿಗೆ ಕೈ ಕೊಟ್ಟು ಎಳೆದು ತಂದು ಅಂಗಳದ ತಣ್ಣನೆ ನೆಲದ ಮೇಲೆ ಹಾಕಿದೆವು. ನೀರು ಚಿಮುಕಿಸಿದೆವು, ಕೆನ್ನೆ ತಟ್ಟಿದೆವು. ಒಬ್ಬೊಬ್ಬಳಾಗಿ ಎಂಟು ಹುಡುಗಿಯರು ಕೆಮ್ಮಿ ಅತ್ತರು. ಒಲೆಗೆ ಹತ್ತಿರ ಮಲಗಿದ್ದ ಸುಗಂಧಿ ಅಳಲಿಲ್ಲ. ಯಜಮಾನರು ಡಾಕ್ಟರನ್ನು ಕರೆದುಕೊಂಡು ಬರುವ ಹೊತ್ತಿಗೆ ಬೆಳಕಾಗಿತ್ತು. ಅವರು ಕಣ್ಣರೆಪ್ಪೆ ಬಿಡಿಸಿ ನೋಡಿ, ‘ಇದ್ದಿಲಿನ ವಿಷಗಾಳಿ’ ಎಂದು ಎದ್ದು ನಿಂತರು.

ಚೂಡಾಮಣಿ ಕೊಟ್ಟ ಮಾತು ಬಿಡಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುದುರೆಗಾಡಿಯಲ್ಲಿ ಹೋಗಿ ತನ್ನ ಕೈಯಾರೆ ತಾಯಿಗೆ ಒಪ್ಪಿಸಿದಳು. ಆ ತಾಯಿ ಏನು ಮಾಡಿದರು ಎಂದು ನಾನು ಕೇಳಲಿಲ್ಲ. ಚೂಡಾಮಣಿಯ ತುಟಿ ಒಡೆದಿತ್ತು.

ಪೊಲೀಸರು ಬಂದು ಬರೆದುಕೊಂಡು ಹೋದರು. ಮೂರನೇ ದಿನ ಅವರ ಸಭೆಯ ಪಾದ್ರಿ ಅಯ್ಯನವರು, ನಾಲ್ವರು ಹಿರಿಯರು, ಸುಗಂಧಿಯ ತಾಯಿ ನಮ್ಮ ಹಿತ್ತಿಲಿಗೆ ಬಂದರು. ನಾನು ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ.

‘ಉರಿಯೋ ಒಲೆ ಒಳಗಿಟ್ಟು ಕಿಟಕಿ ಯಾಕಮ್ಮ ಮುಚ್ಚಿದ್ರಿ? ಯಾರು ಹೇಳಿದ್ರು?’ ಎಂದು ಅಯ್ಯನವರು ಕೇಳಿದರು.

ಚೂಡಾಮಣಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ‘ಯಾರೂ ಹೇಳಲಿಲ್ಲ. ಚಳಿ ಅಂತ ನಾನೇ ಮುಚ್ಚಿದೆ’ ಎಂದಳು.

ಅವರು ಹೋದ ಮೇಲೆ ಅವಳ ಹತ್ತಿರ ಹೋದೆ. ‘ನನ್ನ ಹೆಸರು ಯಾಕೆ ಹೇಳಲಿಲ್ರೀ?’

‘ಆ ತಾಯಿಗೆ ಮಾತು ಕೊಟ್ಟೋಳು ನಾನು, ನೀವಲ್ಲ. ನಿಮ್ಮ ಹೆಸರೆತ್ತಿದ್ರೆ ನಿಮ್ಮೋರು ನಮ್ಮೋರು ಅಂತ ಬೀದಿಯಲ್ಲಿ ಶುರುವಾಗುತ್ತೆ. ಒಂದು ಮಗು ಹೋಗಿದ್ದು ಸಾಕು’ ಎಂದಳು. ಆಮೇಲೆ ‘ನೀವೇ ಹೇಳ್ತೀರೇನೋ ಅಂದ್ಕೊಂಡಿದ್ದೆ’ ಎಂದಳು.

ಶಾಲೆಯವರು ಅವಳನ್ನು ತೆಗೆದರು. ಹುಡುಗಿಯರ ಹಾಡು ಅಲ್ಲಿಗೇ ನಿಂತಿತು. ಸಂಕ್ರಾಂತಿಯೊಳಗೆ ಅವಳು ಮನೆ ಖಾಲಿ ಮಾಡಿದಳು. ಪೀಡೆ ಕಳೆಯಿತು ಎಂದು ಅತ್ತೆ ಹಿಂದಿನ ಕೋಣೆಗಳಿಗೆ ಪುಣ್ಯಾಹ ಮಾಡಿಸಿದರು, ನಾನು ಪುರೋಹಿತರಿಗೆ ಎಲೆ ಹಾಕಿ ಬಡಿಸಿದೆ.

ಐದು ವರ್ಷ ಆದಮೇಲೆ, ಹೋದ ವರ್ಷ, ಮಡಿವಾಳದ ಸಂತೆಯಲ್ಲಿ ಅವಳನ್ನು ಕಂಡೆ. ಕೂದಲು ಪೂರ್ತಿ ನರೆತಿತ್ತು. ಅಲ್ಲೇ ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ‘ಜಯಾ ಚೆನ್ನಾಗಿದ್ದಾಳಾ? ಅತ್ತೆಯೋರ ಮಂಡಿನೋವು ಹೇಗಿದೆ?’ ಎಂದು ವಿಚಾರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವಳೇ ವಿಳಾಸ ಹುಡುಕಿಕೊಂಡು ಸುಗಂಧಿಯ ತಾಯಿಯ ಮನೆಗೆ ಹೋದೆ, ಕೂರುವ ಮೊದಲೇ ಎಲ್ಲ ಹೇಳಿದೆ.

‘ಐದು ವರ್ಷ ಆಯ್ತು’ ಎಂದರು ಆಕೆ. ‘ಭಾನುವಾರ ಆ ಟೀಚರು ಚರ್ಚಿಗೆ ಬರ್ತಾಳೆ. ಕೊನೇ ಬೆಂಚಲ್ಲಿ ಒಬ್ಬಳೇ ಕೂರ್ತಾಳೆ. ಯಾರೂ ಪಕ್ಕಕ್ಕೆ ಹೋಗಲ್ಲ. ನಾನು ಹೋಗಬೇಡಿ ಅಂದಿದೀನಿ, ಅದಕ್ಕೆ.’

‘ನೀವು ಈಗ ಅವರಿಗೆಲ್ಲ ಹೇಳಿ...’

‘ನಾನು ಹೇಳಿದ್ರೆ ಮಗಳ ಕೊರಗಲ್ಲಿ ತಲೆ ಕೆಟ್ಟಿದೆ ಅಂತಾರೆ. ನೀವೇ ಬನ್ನಿ. ಬರೋ ಭಾನುವಾರ ಎಲ್ಲರ ಎದುರಿಗೆ ನಿಂತು ಈ ಮಾತು ಹೇಳಿ. ನೀವು ಹೇಳಿ ಮುಗಿಸಿದ ತಕ್ಷಣ ನಾನೇ ಎದ್ದು ಹೋಗಿ ಅವಳ ಪಕ್ಕ ಕೂರ್ತೀನಿ. ಬರ್ತೀರಾ?’

‘ಬರ್ತೀನಿ’ ಎಂದೆ. ಆಕೆಯ ಕೈ ಹಿಡಿದು ಹೇಳಿದೆ.

ಭಾನುವಾರ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಮನೆಯಲ್ಲಿ ಸುಳ್ಳು ಹೇಳಿ ಬಸ್ ಸ್ಟಾಪಿನವರೆಗೂ ಹೋದೆ. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂದಾಗ ಕಂಡಕ್ಟರು ‘ಬರ್ತೀರಾಮ್ಮ?’ ಎಂದು ಕೇಳಿದ. ಇಲ್ಲಪ್ಪ ಎಂದು ಹೇಳಿ, ಮನೆಗೆ ಬಂದು ಅಡುಗೆ ಮಾಡಿದೆ.