ಹುಳದ ಮನೆಯ ಅಕ್ಕ

ಮೊನ್ನೆ ಬೆಳಿಗ್ಗೆ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದಾಗ ಲಕ್ಕಿಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಹತ್ತಿರದ ಅಗರ ಊರಿನ ರೈತರೊಬ್ಬರ ಮನೆಯಿಂದ ತಂದ ಅಕ್ಕಿ. ಹುಳ ಬೀಳದಿರಲಿ ಎಂದು ಒಣಗಿದ ಸೊಪ್ಪನ್ನು ನಡುನಡುವೆ ಇಟ್ಟು ಕೊಟ್ಟಿದ್ದರು. ಕೈಯಲ್ಲಿ ಪಾವು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಷ್ಟು ವರ್ಷವಾಯಿತು... ಅಕ್ಕಿಗೆ ಲಕ್ಕಿಸೊಪ್ಪು ಹಾಕುವುದನ್ನು ನನಗೆ ಹೇಳಿಕೊಟ್ಟವರು ಮುಳ್ಳೂರಿನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಕ್ಕ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬೋರ್ಡಿನ ಮೇಲೆ ಜಿರಳೆಯ ಚಿತ್ರ ಬರೆದು ಕಾಲು, ಮೀಸೆ, ಹೊಟ್ಟೆಯ ಪಟ್ಟೆಗಳನ್ನೆಲ್ಲ ಒಂದೂ ಬಿಡದೆ ಗುರುತಿಸಿ ತೋರಿಸಬಲ್ಲೆ. ಅದೇ ಜಿರಳೆ ಬಚ್ಚಲಲ್ಲಿ ಕಂಡರೆ ಸ್ಟೂಲ್ ಹತ್ತುತ್ತಿದ್ದೆ. ಮೈಸೂರಿನ ಕ್ವಾರ್ಟರ್ಸಿನಲ್ಲಿ, ಮೂಲೆಮೂಲೆಗೂ ನುಸಿಗುಳಿಗೆ ಇಡುತ್ತಿದ್ದ ಅಮ್ಮನ ಕೈಯಲ್ಲಿ ಬೆಳೆದವಳು. ಮೊದಲು ಕೆಲಸ ಸಿಕ್ಕಿದ್ದು ಹನೂರಿನಲ್ಲಿ. ಗುಡ್ಡಗಳ ಬುಡದ ಒಣ ಸೀಮೆ. ಬೇಸಿಗೆ ಬಂತೆಂದರೆ ಚಪ್ಪಲಿಯೊಳಗೆ ಚೇಳು, ಬಾಗಿಲ ಚೌಕಟ್ಟಿಗೆ ಗೆದ್ದಲು. ಅಲ್ಲಿದ್ದ ಎರಡು ವರ್ಷವೂ ಚಪ್ಪಲಿ ಕೊಡವದೆ ಕಾಲಿಟ್ಟವಳಲ್ಲ. ಅಲ್ಲಿಂದ ಕೊಳ್ಳೇಗಾಲದ ಕಡೆಗೆ ವರ್ಗವಾಗಿ ಮುಳ್ಳೂರಿನಲ್ಲಿ ಮನೆ ಹಿಡಿದಾಗ, ಸದ್ಯ ಚೇಳಿನ ಕಾಟ ತಪ್ಪಿತಲ್ಲ ಎಂದು ಉಸಿರು ಬಿಟ್ಟೆ. ಆದರೆ ಗದ್ದೆ ತೋಟಗಳ ತೇವಕ್ಕೆ ಅಲ್ಲಿ ಬೇರೆಯದೇ ಪರಿವಾರ ಕಾದು ಕೂತಿತ್ತು. ಸೊಳ್ಳೆ, ಇರುವೆ, ಮೂಲೆಗೊಂದು ಜೇಡ.

ಒಂದು ಉದ್ದನೆಯ ಹೆಂಚಿನ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅಕ್ಕ. ಗೋಡೆ ಹೆಂಚಿನ ತನಕ ಹೋಗಿರಲಿಲ್ಲ, ಮೇಲೆ ಒಂದು ಮೊಳದಷ್ಟು ಸಂದಿತ್ತು. ನಾನು ಒಗ್ಗರಣೆ ಹಾಕಿದರೆ ಅಕ್ಕ ಆ ಕಡೆಯಿಂದ ಕೆಮ್ಮುತ್ತಿದ್ದರು. ಅವರ ರೇಷ್ಮೆಹುಳಗಳು ಸೊಪ್ಪು ಮೇಯುವ ಸರಸರ ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಅಕ್ಕನ ಗಂಡ ತೀರಿಕೊಂಡಿದ್ದರು. ಹಿಪ್ಪುನೇರಳೆ ತೋಟ ಮಾಡುವುದು ಅದೇ ಬೀದಿಯ ಕೊನೆಯಲ್ಲಿದ್ದ ಮೈದುನ, ಹುಳ ಸಾಕುವುದು ಅಕ್ಕ. ಸೊಪ್ಪು ಅವನದು, ಕೈ ಇವರದು. ಎರಡು ಮನೆಯ ಬದುಕೂ ಆ ಹೊಂದಾಣಿಕೆಯ ಮೇಲೇ ನಿಂತಿತ್ತು.

ಅಕ್ಕನ ಹುಳದ ಮನೆ ನೋಡಬೇಕಿತ್ತು ನೀವು! ನನ್ನ ಶಾಲೆಯ ಲ್ಯಾಬಿಗೂ ಆ ಶಿಸ್ತಿರಲಿಲ್ಲ. ಹುಳ ಮೇಯುವ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಒಂದೊಂದು ಕಾಲೂ ನೀರಿನ ಬಟ್ಟಲಲ್ಲಿ, ಇರುವೆ ಹತ್ತಬಾರದು. ಹೊಸಿಲಲ್ಲಿ ಸುಣ್ಣದ ಪುಡಿ, ಅದನ್ನು ಮೆಟ್ಟಿಯೇ ಒಳಗೆ ಬರಬೇಕು. ಹೊಗೆಸೊಪ್ಪು ಜಗಿಯುವ ಮೈದುನ ಬಾಯಿ ಮುಕ್ಕಳಿಸಿ ಕೈ ತೊಳೆಯದೆ ತಟ್ಟೆಯ ಹತ್ತಿರ ಸುಳಿಯುವಂತಿರಲಿಲ್ಲ. ಊಜಿ ನೊಣ ಅಂತ ಒಂದಿದೆ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಹುಳವನ್ನೇ ತಿಂದು ಹಾಕುವ ಜಾತಿ. ಅದಕ್ಕೆಂದು ಕಿಟಕಿಗೆಲ್ಲ ನೈಲಾನ್ ಪರದೆ. ಆದರೆ ಪರದೆಯ ಹೊರಗೆ ಕಟ್ಟಿದ ಜೇಡರಬಲೆಯನ್ನು ಮಾತ್ರ ಯಾರೂ ಮುಟ್ಟಬಾರದು. ನೊಣ ಮೊದಲು ಅದಕ್ಕೆ ಸಿಕ್ಕಿಕೊಳ್ಳಲಿ ಎಂಬ ಲೆಕ್ಕಾಚಾರ.

"ಹಲ್ಲಿ ಇಲ್ಲಿದ್ರ ಕಳ್ಳ, ಅಡ್ಗೆಮನೇಲಿದ್ರ ನೆಂಟ ಕಣ್ರಿ," ಎನ್ನುತ್ತಿದ್ದರು. "ಎಲ್ಲಾನೂ ಸಾಯಿಸ್ತೀನಿ ಅಂತ ನಿಂತ್ರ ಆಯ್ತದಾ? ಯಾವ್ದು ಎಲ್ಲಿರ್ಬೇಕು ಅಂತ ನೋಡ್ಕಂಡ್ರ ಸಾಕು."

ನಾನು ಕೇಳಿದೆನೆ? ಮನೆಗೆ ಬಂದ ಮೊದಲ ಭಾನುವಾರವೇ ಪೊರಕೆ ಹಿಡಿದು ಜೇಡರಬಲೆಗಳನ್ನೆಲ್ಲ ಗುಡಿಸಿದೆ. ಅಟ್ಟದ ಗೋಡೆಗೆ ಅಂಗೈ ಅಗಲದ ಜೇಡವೊಂದು ಅಂಟಿ ಕೂತಿತ್ತು, ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದುಕೊಂಡು. ನನ್ನ ಕಿರುಚಾಟ ಕೇಳಿ ಓಡಿ ಬಂದ ಅಕ್ಕ, "ಅದು ಬಲೆ ಕಟ್ಟದಲ್ಲ ಟೀಚರಮ್ಮ, ಜಿರ್ಲೆ ಹಿಡ್ಯದು. ಬುಡಿ ಅದ್ನ, ಅದ್ರ ಪಾಡಿಗೆ ಇರ್ಲಿ," ಎಂದರು. ಅವರು ಅತ್ತ ಹೋದ ಮೇಲೆ ಪೊರಕೆಯಿಂದ ಬಡಿದು ಹಾಕಿದೆ. ಎರಡು ತಿಂಗಳಾಗುವಷ್ಟರಲ್ಲಿ ನನ್ನ ಅಡುಗೆಮನೆ ಜಿರಳೆಗಳ ಪಾಲಾಯಿತು. ಸಕ್ಕರೆ ಡಬ್ಬಿಯ ಹಿಂದೆ, ಗ್ಯಾಸ್ ಒಲೆಯ ಅಡಿ, ಕೊನೆಗೆ ಉತ್ತರಪತ್ರಿಕೆಗಳ ಕಟ್ಟಿನೊಳಗೂ!

ಒಂದು ಭಾನುವಾರ ರೇಗಿಹೋಯಿತು. ವಾಸನೆ ಬರುವ ಔಷಧಿ ನನಗೆ ತಲೆನೋವು ತರುತ್ತದೆಂದು ಕೊಳ್ಳೇಗಾಲದಿಂದ ವಾಸನೆಯಿಲ್ಲದ ಸ್ಪ್ರೇ ತಂದಿಟ್ಟುಕೊಂಡಿದ್ದೆ. ಅಕ್ಕ ಮಧ್ಯಾಹ್ನದ ಸೊಪ್ಪು ಕೊಟ್ಟು, ಬಾಗಿಲು ಎಳೆದುಕೊಂಡು ಧನಗೆರೆಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆ, ಅಟ್ಟ, ಗೋಡೆಯ ತಲೆ, ಎಲ್ಲ ಕಡೆಗೂ ಡಬ್ಬಿ ಖಾಲಿಯಾಗುವ ತನಕ ಹೊಡೆದು, ಬಾಗಿಲು ಮುಚ್ಚಿ ಪೇಟೆಗೆ ಹೊರಟೆ. ಗೋಡೆಯ ಮೇಲಿನ ಸಂದು ನನ್ನ ತಲೆಗೆ ಬರಲೇ ಇಲ್ಲ. ಮೂರು ಹೊತ್ತೂ ಆ ಸಂದಿನಿಂದ ಮಾತು ಕೇಳುತ್ತಿದ್ದವಳಿಗೆ...

ಸಂಜೆ ಐದಕ್ಕೆ ಬಂದಾಗ ಅಕ್ಕನ ಮನೆಯ ಮುಂದೆ ಜನ. ಒಳಗೆ ಹೋಗಿ ನೋಡಿದೆ. ಹುಳ ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಅವು ನಾಲ್ಕನೇ ಜ್ವರ ಎದ್ದು ಬೆರಳುದ್ದ ಬೆಳೆದಿದ್ದ ಹುಳಗಳು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿತ್ತು. ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ನನ್ನ ಗೋಡೆಗೆ ಒತ್ತಿಕೊಂಡಿದ್ದ ತಟ್ಟೆಗಳಲ್ಲಿ ಹೆಚ್ಚು, ಕಿಟಕಿಯ ಕಡೆ ಕಡಿಮೆ. ನಾನು ವಿಜ್ಞಾನದ ಟೀಚರು. ಒಂದು ನಿಮಿಷವೂ ಬೇಕಾಗಲಿಲ್ಲ, ಗೊತ್ತಾಯಿತು. ಬಾಯಿ ಮಾತ್ರ ಬಿಡಲಿಲ್ಲ.

ಆಗಲೇ ವಾಪಸಾಗಿದ್ದ ಅಕ್ಕನಿಗೆ ಸೊಪ್ಪಿನ ಮೇಲೆ ಅನುಮಾನ. ಮೈದುನನ ತೋಟದ ಪಕ್ಕದಲ್ಲಿ ಯಾರೋ ಟೊಮೆಟೊ ಗಿಡಕ್ಕೆ ಔಷಧಿ ಹೊಡೆದಿದ್ದರು. ಅದು ಗಾಳಿಗೆ ತೋಟಕ್ಕೆ ಬಿದ್ದಿದೆ, ಇವನು ನೋಡದೆ ಸೊಪ್ಪು ಕೊಯ್ದು ತಂದಿದ್ದಾನೆ ಎಂದು ಅವನ ಜಗಲಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದರು. "ವಿಷ ತಂದ್ ಹಾಕ್ದಲ್ಲೋ! ಕಣ್ಣಿರ್ನಿಲ್ವ ನಿಂಗ?"

"ಅತ್ಗೆ, ನಮ್ ತೋಟಕ್ಕ ಔಸ್ದಿ ಸೋಕ್ನಿಲ್ಲ. ಆಣೆ ಮಾಡ್ಲಾ?" ಎಂದ ಅವನು. ಅಕ್ಕ ಕೇಳಲಿಲ್ಲ. ಇನ್ನು ನಿನ್ನ ಸೊಪ್ಪು ನನ್ನ ಹೊಸಿಲು ದಾಟಬಾರದು ಎಂದರು. ಮಾರನೆಯ ದಿನದಿಂದ ಬೇರೆ ಯಾರದೋ ತೋಟದಿಂದ ತಲೆಯ ಮೇಲೆ ಸೊಪ್ಪು ಹೊತ್ತು ತರತೊಡಗಿದರು. ಮೈದುನ ತೋಟ ಕಿತ್ತುಹಾಕುತ್ತೇನೆ ಎಂದು ಹಾರಾಡುತ್ತಿದ್ದಾನೆ ಎಂದು ಕೇಳಿದೆ. ಆ ಎರಡು ದಿನ ನಾನು ಶಾಲೆಗೆ ಹೋದೆ, ಪಾಠ ಮಾಡಿದೆ, ಬಂದು ಬಾಗಿಲು ಹಾಕಿಕೊಂಡೆ. ಅದೇ ಕೋಣೆಯಲ್ಲಿ ಉಳಿದ ತಟ್ಟೆಗಳೂ ಒಂದೊಂದಾಗಿ ಸೊರಗುತ್ತಿದ್ದವು.

ಮೂರನೆಯ ದಿನ ಬೆಳಿಗ್ಗೆ ತಡೆಯಲಾಗದೆ ಹೋಗಿ ಹೇಳಿದೆ. ಅಕ್ಕ ಸತ್ತ ಹುಳಗಳನ್ನು ಮೊರಕ್ಕೆ ಬಳಿಯುತ್ತಿದ್ದರು. ಬಳಿಯುವುದು ನಿಲ್ಲಿಸಿ ಗೋಡೆಯ ಮೇಲಿನ ಸಂದನ್ನು ನೋಡಿದರು. ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಅವತ್ತೇ ಗೊತ್ತಾಗ್ನಿಲ್ವ ಟೀಚರಮ್ಮ? ಗೊತ್ತಾಗಿದ್ರ ಉಳ್ದ ತಟ್ಟೆನಾದ್ರೂ ಮೈದ್ನನ ಮನೆಗ ಸಾಗಿಸ್ಬೋದಿತ್ತು. ಅರ್ಧ ಹುಳ ಉಳ್ಯದು."

"ಗೊತ್ತಾಗಲಿಲ್ಲ ಅಕ್ಕ. ಈಗ ಯೋಚನೆ ಮಾಡಿದಾಗ ಹೊಳೆಯಿತು," ಎಂದೆ. ಸುಳ್ಳು. ಅಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಂಡವಳು ಅಲ್ಲಿ ಬಂದು ಎಡವಿದೆ. ಔಷಧಿ ಹೊಡೆದದ್ದು ತಿಳಿಗೇಡಿತನ, ಸುಮ್ಮನಿದ್ದದ್ದು ಹಾಗಲ್ಲ, ಅದು ನನಗೂ ತಿಳಿದಿತ್ತು.

ಆಮೇಲೆ ಅಕ್ಕ ಮಾಡಿದ್ದನ್ನು ನೆನೆದರೆ ಈಗಲೂ ಅವರ ಕಾಲು ಮುಟ್ಟಬೇಕೆನ್ನಿಸುತ್ತದೆ. ಕೈ ತೊಳೆದು, ಸೆರಗು ಸರಿಮಾಡಿಕೊಂಡು, "ಬನ್ನಿ ನಂಜೊತೇಲಿ," ಎಂದು ಹೊರಟರು. ಮೈದುನನನ್ನು ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಬೈದ ಜಾಗದಲ್ಲೇ, ಅದೇ ಜಗಲಿಯ ಮುಂದೆ, ಬೈದಷ್ಟೇ ಗಟ್ಟಿ ದನಿಯಲ್ಲಿ, "ತಪ್ಪು ನಂದು ಕಣಪ್ಪ. ನಿನ್ ಸೊಪ್ಪಲ್ಲಿ ಏನೂ ಇರ್ನಿಲ್ಲ, ಟೀಚರಮ್ಮ ಜಿರ್ಲೆಗ ಹೊಡ್ದ ಔಸ್ದಿ ಸಂದಿಂದ ಬಂದದ. ಬಾಯ್ಗ್ ಬಂದಂಗ ಅಂದ್ಬುಟ್ಟೆ, ಮನಸ್ಸಲ್ಲಿ ಮಡಿಕ್ಕಬ್ಯಾಡ," ಎಂದರು. ಬೀದಿಯವರು ನನ್ನ ಕಡೆ ತಿರುಗಿ ಏನೋ ಅನ್ನುವುದರೊಳಗೆ ಅವರೇ ಅಡ್ಡ ನಿಂತರು. "ಅವ್ರ್‌ಗ ಗೊತ್ತಿರ್ನಿಲ್ಲ. ಪಟ್ಟಣ್ದಲ್ಲಿ ಬೆಳ್ದೋರು, ಹುಳದ್ ಸೂಕ್ಷ್ಮ ಅವ್ರ್‌ಗೇನ್ ಗೊತ್ತು? ಯಾರೂ ಒಂದ್ ಮಾತಾಡ್ಕೂಡ್ದು." ಮೈದುನ ತಲೆ ಕೆರೆದುಕೊಂಡು ಒಳಗೆ ಹೋಗಿ ಕುಡುಗೋಲು ತಂದ, ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟ. ಅಷ್ಟಕ್ಕೇ ಮುಗಿಯಿತು.

ಆ ಬೆಳೆ ಪೂರ್ತಿ ಹೋಯಿತು. ಅಕ್ಕ ಕೋಣೆಯನ್ನೆಲ್ಲ ತೊಳೆದು, ಸುಣ್ಣ ಹೊಡೆದು, ತಟ್ಟೆಗಳನ್ನು ಬಿಸಿಲಿಗೆ ಒಣಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ನಾವಿಬ್ಬರೂ ಸೇರಿ ಆ ಸಂದಿಗೆ ಇಟ್ಟಿಗೆಚೂರು ತುರುಕಿ ಮಣ್ಣು ಮೆತ್ತಿದೆವು. ಮೈಗೆಲ್ಲ ಕೆಸರು ಬಳಿದುಕೊಂಡ ನನ್ನನ್ನು ನೋಡಿ, "ಕಣಜದ್ ಹುಳ ಗೂಡು ಕಟ್ದಂಗ ಅದ ನಿಮ್ ಕೆಲ್ಸ," ಎಂದು ನಕ್ಕರು. ಮುಂದಿನ ಬೆಳೆಗೆ ಹಣ್ಣಾದ ಹುಳ ಆರಿಸುವುದಕ್ಕೆ ನನ್ನನ್ನೇ ಕೂರಿಸಿಕೊಂಡರು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣಕ್ಕೆ ತಿರುಗಿದ ಹುಳ ಕಾಣುತ್ತದೆ, ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ನನ್ನ ಕೈಯ ಮೇಲೆ ತಣ್ಣಗೆ ಹರಿದ ಮೊದಲ ಹುಳಕ್ಕೆ ನಾನು ಕಿರುಚಲಿಲ್ಲ. ಒಂದು ಡಬ್ಬಿ ವಿಷ ಹೊಡೆದವಳ ಕೈಗೆ ಅವರು ಹುಳ ಕೊಟ್ಟಿದ್ದರು!

ಇರುವೆಗೆ ಅರಿಸಿನದ ಗೆರೆ, ಜಿರಳೆಗೆ ಒಣಗಿದ ಬಚ್ಚಲು, ಜೇಡಕ್ಕೆ ಅದರ ಮೂಲೆ. ನಾನು ಮುಳ್ಳೂರಿನಲ್ಲಿದ್ದ ಐದು ವರ್ಷದಲ್ಲಿ ಅವರಿಂದ ಕಲಿತದ್ದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ. ಆಮೇಲೆ ಯಳಂದೂರಿಗೆ ವರ್ಗವಾಯಿತು. ಇಲ್ಲಿ ನಾಲೆ ನೀರು, ಭತ್ತದ ಗದ್ದೆ, ದೀಪ ಹಚ್ಚಿದರೆ ಹಸಿರು ಹುಳಗಳ ದಂಡು. ನಾನು ಹೆದರುವುದಿಲ್ಲ, ಕಿಟಕಿಯ ಹೊರಗಿನ ಬಲ್ಬಿನ ಹತ್ತಿರ ಜೇಡಗಳಿಗೆ ಜಾಗ ಬಿಟ್ಟಿದ್ದೇನೆ. ಮೊದಮೊದಲು ಅಕ್ಕನಿಗೆ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಪ್ರತಿಸಲವೂ ಆ ಒಂದು ಮಾತು ಹೇಳಿಬಿಡಬೇಕು ಅಂದುಕೊಂಡು, ಹುಳ ಹೇಗಿವೆ ಎಂದು ಕೇಳಿ ಇಡುತ್ತಿದ್ದೆ. ಬರಬರುತ್ತಾ ಫೋನೂ ನಿಂತಿತು... ನನ್ನದೇ ತಪ್ಪು.

ಮೊನ್ನೆ ಅಕ್ಕಿ ಡ್ರಮ್ಮಿನ ಮುಚ್ಚಳ ಹಾಕಿ ಸೀದಾ ಬಸ್ಸು ಹತ್ತಿದೆ. ಕೊಳ್ಳೇಗಾಲದಲ್ಲಿ ಇಳಿದು ಅಕ್ಕನಿಗೆಂದು ಹಣ್ಣು ತೆಗೆದುಕೊಂಡೆ. ಮುಳ್ಳೂರಿನಲ್ಲಿ ಅವರ ಮನೆಗೆ ಬೀಗ ಹಾಕಿತ್ತು. ಬೀದಿಯ ಕೊನೆಗೆ ನಡೆದೆ. ಮೈದುನನ ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೂ ಗುರುತು ಹಿಡಿದ.

"ಈಗ ಬಂದ್ರಾ ಟೀಚರಮ್ಮ? ಅತ್ಗೆ ಓಗಿ ಏಳ್ ತಿಂಗ್ಳಾಯ್ತಲ್ಲ."

ಜಗಲಿಯ ಮೇಲೆ ಕೂತೆ. ಅವನ ಹೆಂಡತಿ ನೀರು ತಂದುಕೊಟ್ಟಳು. ಕುಡಿದು, ಅಕ್ಕನಿಗೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಅವನ ಮುಂದೆ ಹೇಳಿಬಿಟ್ಟೆ. ಆ ಭಾನುವಾರ ಸಂಜೆಯೇ ನನಗೆ ಗೊತ್ತಿತ್ತು, ನಿನ್ನನ್ನು ಬೈಯುವಾಗಲೂ ಗೊತ್ತಿತ್ತು, ಹೆದರಿ ಸುಮ್ಮನಿದ್ದೆ ಎಂದೆ.

ಅವನು ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು ಬಂದು ಕೂತ. ಸಿಟ್ಟಾಗಲಿಲ್ಲ. "ನಂಗ ಯೋಳಿ ಏನ್ ಬಂತು ಟೀಚರಮ್ಮ? ಅವ್ರಿದ್ದಾಗ ಯೋಳ್ಬೇಕಿತ್ತು. ನಾವ್ ಯಾರಾರ ಆ ಮಾತೆತ್ತುದ್ರ, ಪಾಪ ಆವಮ್ಮಂಗ ಗೊತ್ತಿರ್ನಿಲ್ಲ ಅಂತ ನಮ್ ಮೇಲೇ ರೇಗೋರು. ಕೊನೆಗಂಟ ಹಂಗೇ ಅಂದ್ರು," ಎಂದ.

ಹಣ್ಣಿನ ಚೀಲವನ್ನು ಅವರ ಮನೆಯಲ್ಲೇ ಇಟ್ಟು ಎದ್ದು ಬಂದೆ. ನನಗೆ ಗೊತ್ತಿರಲಿಲ್ಲ ಎಂದು ನಂಬಿಕೊಂಡೇ ಹೋದರು ಅಕ್ಕ.