ಕುಂಕುಮದ ಕಂಪ್ಯೂಟರಿನಲ್ಲಿ ಮಾತ್ರ ನಡೆದದ್ದು

"ನಮ್ಮಲ್ಲಿ ಚೆನ್ನಾಗೇ ನಡೀತಿದೆ ಕಣ್ರೀ." ಆ ವಾರ ಫೋನಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಒಂದೊಂದು ಸಲಕ್ಕೂ ನನ್ನ ಧ್ವನಿ ಏರುತ್ತಿತ್ತು. ಹಾಗಂತ ಸುಳ್ಳೇನೂ ಹೇಳಿರಲಿಲ್ಲ, ನಿಜಕ್ಕೂ ನಡೆಯುತ್ತಿತ್ತು. ನನ್ನ ತಲೆ ಕೆಡಿಸಿದ್ದೇ ಅದು.

ಕಡಕೊಳದಲ್ಲಿ ಕಾರ್ಖಾನೆಗಳಿಗೆ ತೂಕದ ಯಂತ್ರ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಯಂತ್ರದ ಜೊತೆ ಒಂದು ಲೈಬ್ರರಿಯನ್ನೂ ಕೊಡುತ್ತೇವೆ, ಅಂದರೆ ಯಂತ್ರದಿಂದ ತೂಕ ಕೇಳಿ ತರುವ ಕೋಡು. ಬೇರೆಯವರು ತಮ್ಮ ಪ್ರೋಗ್ರಾಮಿನಿಂದ ಅದನ್ನು ಕರೆದರೆ ಸಾಕು, ತೂಕ ಬರುತ್ತದೆ. ಅದನ್ನು ಬರೆದವರು ನಮ್ಮ ಹಿರಿಯ ಇಂಜಿನಿಯರ್, ನಮಗೆಲ್ಲ ಬರೀ 'ಸರ್'. ಅವರು ನಿವೃತ್ತರಾದ ಮೇಲೆ ಅದು ನನ್ನ ಕೊರಳಿಗೆ ಬಿತ್ತು.

ಸರ್ ಬಿಟ್ಟುಹೋದ ನಿಯಮ ಒಂದೇ. ಮೂಲೆ ಮೇಜಿನ ಹಳೇ ಕಂಪ್ಯೂಟರಿನಲ್ಲೇ ಲೈಬ್ರರಿಯನ್ನು ಕಂಪೈಲ್ ಮಾಡಬೇಕು, ಅಂದರೆ ಬರೆದ ಕೋಡನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸಬೇಕು, ಅಲ್ಲೇ ನಡೆಸಿ ನೋಡಬೇಕು, ಆಮೇಲೆ ಹೊರಗೆ ಕಳಿಸಬೇಕು. ಆಯುಧಪೂಜೆ ದಿನ ಮೊದಲ ಕುಂಕುಮ ಅದಕ್ಕೇ. ಹಚ್ಚಿ ಹಚ್ಚಿ ಬಟನ್ನಿನ ಸುತ್ತ ಕೆಂಪು ಹೋಗುವುದೇ ಇಲ್ಲ. ಅದರೊಳಗೆ ಹೊಸದೇನನ್ನಾದರೂ ಹಾಕಲು ಯಾರಿಗೂ ಧೈರ್ಯವಿರಲಿಲ್ಲ, ನನಗಂತೂ ಮೊದಲೇ ಇಲ್ಲ.

ಫೋನ್ ಮಾಡುತ್ತಿದ್ದವರು ಬನ್ನಿಮಂಟಪದಲ್ಲಿ ಒಬ್ಬರೇ ಕೂತು ಸಾಫ್ಟ್‌ವೇರ್ ಮಾಡುವ ಹೆಂಗಸು. ಇದ್ದ ಕೆಲಸ ಬಿಟ್ಟು ಅವರು ಸ್ವಂತಕ್ಕೆ ಹಿಡಿದ ಮೊದಲ ಆರ್ಡರ್ ಇದು. ಒಂದು ಊದುಬತ್ತಿ ಕಾರ್ಖಾನೆಗೆ ನಮ್ಮ ಯಂತ್ರದಲ್ಲಿ ಪುಡಿ ತೂಗಿ ಬರೆದಿಡುವ ಪ್ರೋಗ್ರಾಂ. ಸೋಮವಾರ ಅಲ್ಲಿ ನಡೆಸಿ ತೋರಿಸಬೇಕು, ಇಲ್ಲದಿದ್ದರೆ ಆರ್ಡರ್ ಕೈತಪ್ಪಿತು. ಅವರು ಬಳಸುತ್ತಿದ್ದ ಕಂಪೈಲರ್, ಅಂದರೆ ಕೋಡನ್ನು ಹಾಗೆ ತಿರುಗಿಸುವ ಸಾಫ್ಟ್‌ವೇರ್, ನಮ್ಮದಲ್ಲ, ಬೇರೆ.

ಮೊದಲು ಅವರ ಪ್ರೋಗ್ರಾಮಿಗೆ ನಮ್ಮ ಲೈಬ್ರರಿಯನ್ನು ಕರೆಯಲು ಬೇಕಾದ ಒಂದು ಹೆಸರೂ ಸಿಗಲಿಲ್ಲ. ಒಂದೊಂದು ಕಂಪೈಲರೂ ನಾವಿಟ್ಟ ಹೆಸರಿಗೆ ತನ್ನದೇ ಬಾಲ ಅಂಟಿಸುತ್ತದೆ. ಬಾಲ ಅಂಟಿಸಬೇಡ ಅಂತ ನಮ್ಮ ಕಂಪೈಲರಿಗೆ ಹೇಳಿ, ಸಾದಾ ಹೆಸರು ಮಾಡಿ ಕಳಿಸಿದೆ. ಮುಗೀತಪ್ಪ ಅಂದುಕೊಂಡೆ. ಮಾರನೇ ದಿನವೇ ಫೋನ್.

"ಹೆಸರು ಸಿಕ್ತು ಮೇಡಂ. ತೂಕಾನೂ ಸರಿಯಾಗಿ ಬರುತ್ತೆ. ಬಂದ್ಮೇಲೆ ಪ್ರೋಗ್ರಾಂ ಬಿದ್ದೋಗುತ್ತೆ, ತಾನಾಗೇ ಮುಚ್ಕೊಂಡ್ಬಿಡುತ್ತೆ."

ಇದೆಂಥ ಕರ್ಮ! ತಪ್ಪು ತೂಕ ಬಂದು ಬಿದ್ದರೆ ಅರ್ಥವಿದೆ, ಸರಿಯಾಗಿ ಹೇಳಿ ಆಮೇಲೆ ಬೀಳುವುದು ಎಂದರೇನು? ಕುಂಕುಮದ ಕಂಪ್ಯೂಟರಿನಲ್ಲಿ ಬೆಳಿಗ್ಗೆಯೆಲ್ಲ ನಡೆಸಿದೆ. ಒಂದು ಸಲವೂ ಬೀಳಲಿಲ್ಲ. ಅಷ್ಟರಲ್ಲಿ ನಮ್ಮ ಕಂಪನಿಯ ಯಜಮಾನರು ಬಂದು, "ಏನಮ್ಮಾ ಅದು ರಗಳೆ? ಎರಡು ಸಾಲು ಬರೆದುಕೊಡು, ಕೇಳಿದವರಿಗೆ ಕಳಿಸ್ತೀನಿ" ಅಂದರು. ರೇಗಿತ್ತು, ಬರೆದೇಬಿಟ್ಟೆ: "ನಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ. ತಪ್ಪು ಅವರ ಪ್ರೋಗ್ರಾಮಿನದು."

ಶುಕ್ರವಾರ ಆಕೆ, "ಒಂದ್ಸಲ ಬಂದು ಕಣ್ಣಾರೆ ನೋಡ್ಬುಡಿ" ಅಂದರು. ಹೋದೆ. ನನ್ನ ಎದುರಿಗೇ ಬಿತ್ತು. ಅವರ ಕೋಡನ್ನು ಸಾಲು ಸಾಲಾಗಿ ಓದಿದೆ. ನಾವೇ ಕೊಟ್ಟ ಸೂಚನೆಯಂತೆ ಅಕ್ಷರ ತಪ್ಪದೆ ಬರೆದಿದ್ದರು. ಹಾಗಾದರೆ ಬೀಳುವುದೇಕೆ? ಬಸ್ಸಿನಲ್ಲಿ ಕೂತಾಗಲೂ ಅದೇ ಪ್ರಶ್ನೆ, ನಾನು ಇಳಿಯಬೇಕಾದ ಸ್ಟಾಪೂ ದಾಟಿಹೋಯಿತು.

ಶನಿವಾರ ಬೆಳಿಗ್ಗೆ ಅಶೋಕಪುರಂಗೆ, ಸರ್ ಮನೆಗೆ ಹೋದೆ. ಕಾಫಿ ಬಂತು. ಎಲ್ಲವನ್ನೂ ಕೇಳಿಸಿಕೊಂಡರು.

"ಬೇರೆ ಕಂಪೈಲರ್ ಜೊತೆ ನೀವು ಯಾವತ್ತಾದ್ರೂ ನಡೆಸಿ ನೋಡಿದ್ರಾ ಸರ್?"

"ಒಂದೇ ಒಂದ್ಸಲ ಕಣಮ್ಮ. ಹಿಂಗೇ ಬಿದ್ದೋಯ್ತು. ಯಾಕೆ ಅಂತ ತಿಳೀಲಿಲ್ಲ, ಕೇಳೋಕೆ ನಾಚಿಕೆ. ಆ ಕಂಪ್ಯೂಟರ್‌ನಲ್ಲಿ ನಡೀತದಲ್ಲ, ಅಲ್ಲೇ ಇರ್ಲಿ ಅಂದ್ಬುಟ್ಟೆ. ನೀವೆಲ್ಲ ಅದನ್ನ ಶಿಸ್ತು ಅಂದ್ಕೊಂಡ್ರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಇಷ್ಟು ದಿನ ಕೈಮುಗಿದದ್ದು ಅವರ ಭಯಕ್ಕೆ! ಹೊರಡುವಾಗ ಅವರೇ ಅಂದರು, "ತೂಕ ಬರೆಯೋಕೆ ಜಾಗ ಯಾರು ತಗೋತಾರೆ, ಯಾರು ವಾಪಸ್ ಕೊಡ್ತಾರೆ, ಅದನ್ನ ನೋಡು."

ನೋಡಿದೆ. ತೂಕ ಬರೆಯಲು ನಮ್ಮ ಲೈಬ್ರರಿ ತನ್ನ ಕಂಪೈಲರಿನ ಉಗ್ರಾಣದಿಂದ ಮೆಮೊರಿಯ ಜಾಗ ತೆಗೆದುಕೊಳ್ಳುತ್ತಿತ್ತು. ಒಂದೊಂದು ಕಂಪೈಲರಿನ ಉಗ್ರಾಣವೂ ಬೇರೆ. ಬಳಸಿದ ಮೇಲೆ ನೀವೇ ಹಿಂದಿರುಗಿಸಿ ಅಂತ ನಮ್ಮ ಸೂಚನೆ. ಆಕೆಯ ಪ್ರೋಗ್ರಾಂ ಪಾಪ, ಹೇಳಿದ ಹಾಗೇ ಹಿಂದಿರುಗಿಸುತ್ತಿತ್ತು, ತನ್ನ ಉಗ್ರಾಣಕ್ಕೆ! ಎದುರುಮನೆಯ ಪಾತ್ರೆಯನ್ನು ತೊಳೆದು ಪಕ್ಕದ ಮನೆಗೆ ಕೊಟ್ಟ ಹಾಗೆ. ನಮ್ಮ ಕಂಪ್ಯೂಟರಿನಲ್ಲಿ ಎರಡೂ ಒಂದೇ ಮನೆ, ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಲೇ ಇಲ್ಲ. ಜಾಗ ಅವರೇ ಕೊಡಲಿ, ಲೈಬ್ರರಿ ಅದರಲ್ಲಿ ತೂಕ ಬರೆಯಲಿ ಅಂತ ಬದಲಾಯಿಸಿದೆ. ಕುಂಕುಮದ ಕಂಪ್ಯೂಟರಿಗೇ ಅವರ ಕಂಪೈಲರನ್ನೂ ಹಾಕಿದೆ. ಎರಡರಲ್ಲೂ ನಡೆಯಿತು.

ಕುಣಿದಾಡುವಷ್ಟು ಖುಷಿಯಲ್ಲಿ ಆಕೆಗೆ ಫೋನ್ ಮಾಡಿದೆ.

"ಕಾರ್ಖಾನೆಯವರು ಸೋಮವಾರ ಬರೋದೇ ಬೇಡ ಅಂದ್ಬುಟ್ರು ಮೇಡಂ. ನಿಮ್ಮ ಯಜಮಾನರು ಅವರಿಗೆ ಏನೋ ಮೇಲ್ ಕಳ್ಸಿದ್ರಂತೆ." ಆಮೇಲೆ, "ಆದ್ರೂ ಕಳ್ಸಿ, ನೋಡ್ತೀನಿ" ಅಂದರು.

ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು. "ನಡೀತು ಕಣ್ರೀ. ತಪ್ಪು ನಂದಲ್ಲ, ಅಲ್ವಾ?"

"ಅಲ್ಲ. ನಮ್ದು" ಅಂದೆ.

ಸೋಮವಾರ ಯಜಮಾನರಿಗೂ ಹೇಳದೆ ನಾನೇ ಊದುಬತ್ತಿ ಕಾರ್ಖಾನೆಗೆ ಹೋದೆ. ತಪ್ಪು ನಮ್ಮ ಲೈಬ್ರರಿಯದು, ಆಕೆಯದಲ್ಲ, ಈಗ ಸರಿಮಾಡಿದ್ದೇನೆ ಎಂದೆ. ಮ್ಯಾನೇಜರ್ ಸಮಾಧಾನವಾಗಿ ಕೇಳಿಸಿಕೊಂಡು, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಯಜಮಾನರು ಕಳಿಸಿದ ಮೇಲ್, ಕೆಳಗೆ ನನ್ನ ಹೆಸರು.

"ಇದನ್ನ ಬರ್ದಿದ್ದು ನೀವೇ ತಾನೇ?" ಅಂದು ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. "ನಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ."