ಕರೆಗಾಗಿ ಕಾದ ರೋಮ್ ಮೇಷ್ಟ್ರು

ನೀರೋ ಚಕ್ರವರ್ತಿಯನ್ನು ಪಕ್ಕದ ಬೀದಿಯ ಪೋಲಿ ಹುಡುಗನ ಹಾಗೆ ಬೈಯುವವರನ್ನು ನಾನು ಕಂಡಿದ್ದು ಒಬ್ಬರನ್ನೇ. "ಹೆತ್ತ ತಾಯೀನೇ ಕೊಲ್ಲಿಸಿದೋನು ಕಣಮ್ಮ, ಅವನ ಮುಖ ನೋಡಬಾರದು," ಎಂದು ಪುಟ್ಟಸ್ವಾಮಯ್ಯ ಮೇಷ್ಟ್ರು ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದರೆ, ಪಕ್ಕದಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡು ನಿಂತವರು "ಯಾರ ಮಗ ಸಾ ಅವ್ನು?" ಎಂದು ಗಾಬರಿಯಿಂದ ಕೇಳುತ್ತಿದ್ದರು. ಮೇಷ್ಟ್ರು ನಗುತ್ತಿರಲಿಲ್ಲ. ಅವರ ಪಾಲಿಗೆ ರೋಮ್ ಎಂದರೆ ಹಳೇಬೀಡು ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಊರು.

ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಅವರದೇ. ನಮ್ಮ ಕಡೆ ಎತ್ತ ತಿರುಗಿದರೂ ಹೊಯ್ಸಳರ ಗುಡಿ, ಬೇರೆ ಮೇಷ್ಟ್ರುಗಳಿಗೆ ಅದೇ ಹೆಮ್ಮೆ. ಇವರು ಮಾತ್ರ ಪುಸ್ತಕದಲ್ಲಿ ಎರಡೇ ಪುಟವಿದ್ದ ರೋಮ್ ಪಾಠವನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಹೊಯ್ಸಳರು ಪಾಪ, ಒಂದೇ ಪಿರಿಯಡ್ಡಿನಲ್ಲಿ ಬಂದು ಹೋಗಿಬಿಡುತ್ತಿದ್ದರು.

ರೋಮಿನವರು ರಾಜನನ್ನು ಓಡಿಸಿದ ಮೇಲೆ ಊರನ್ನಾಳಲು ವರ್ಷಕ್ಕೆ ಇಬ್ಬರು ಕಾನ್ಸುಲ್‌ಗಳನ್ನು ಆರಿಸುತ್ತಿದ್ದರಂತೆ. ಒಬ್ಬ ಮಾಡಹೊರಟಿದ್ದನ್ನು ಇನ್ನೊಬ್ಬ ಬೇಡ ಎಂದರೆ ಅದು ಅಲ್ಲಿಗೇ ನಿಲ್ಲಬೇಕಂತೆ. ಹಾಗಾಗಿ ನಮ್ಮ ಕ್ಲಾಸಿಗೂ ಇಬ್ಬರು ಲೀಡರ್, ನಾನು ಮತ್ತು ಶಿವಣ್ಣ. ಗಲಾಟೆ ಮಾಡಿದವರ ಹೆಸರನ್ನು ನಾನು ಬೋರ್ಡಿನ ಮೇಲೆ ಬರೆದರೆ, ಅವನು "ಬ್ಯಾಡ" ಎಂದು ಅಳಿಸಿಬಿಡೋನು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಅಳುತ್ತಾ ಸ್ಟಾಫ್ ರೂಮಿಗೆ ಓಡಿದೆ. ಮೇಷ್ಟ್ರು ಸಮಾಧಾನವಾಗಿ ಹೇಳಿದರು: "ಸಿಟ್ಟು ಬಂತಾ? ಬರಲಿ. ಎಲ್ಲಾ ನಿನ್ನ ಕೈಗೇ ಕೊಟ್ಟಿದ್ರೆ ಇಡೀ ಕ್ಲಾಸನ್ನೇ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ." ಸುಳ್ಳಲ್ಲ, ನಿಲ್ಲಿಸಿರುತ್ತಿದ್ದೆ.

ಅವರಿಗೆ ಎಲ್ಲರಿಗಿಂತ ಇಷ್ಟವಾದವನು ಸಿನ್ಸಿನಾಟಸ್. "ಹೆಸರು ಕಷ್ಟ ಆದ್ರೆ ಸಿನ್ನಪ್ಪ ಅನ್ರೋ, ಅವನೇನೂ ಬೇಜಾರು ಮಾಡ್ಕೊಳ್ಳಲ್ಲ," ಎನ್ನುತ್ತಿದ್ದರು. ಸಿನ್ನಪ್ಪ ಹೊಲ ಉಳುತ್ತಿದ್ದ ರೈತ. ಶತ್ರುಗಳು ರೋಮಿನ ಸೈನ್ಯಕ್ಕೆ ಮುತ್ತಿಗೆ ಹಾಕಿದಾಗ ಹಿರಿಯರ ಸಭೆಯವರು ಅವನ ಹೊಲಕ್ಕೇ ಬಂದು ಕರೆದು ಸರ್ವಾಧಿಕಾರ ಕೊಟ್ಟರು. ಅವನು ಹೋದ, ಗೆದ್ದ, ಅಧಿಕಾರವನ್ನು ಹಾಗೇ ವಾಪಸ್ ಕೊಟ್ಟು ನೇಗಿಲು ಹಿಡಿದ. ಎಷ್ಟೋ ವರ್ಷದ ಮೇಲೆ ಮುದುಕನಾಗಿದ್ದಾಗ ಇನ್ನೊಂದು ಸಲ ಬಂದು ಕರೆದರು. "ಬಿಟ್ಟುಕೊಟ್ಟೋನನ್ನೇ ಜನ ಮತ್ತೆ ಕರೆಯೋದು, ತಿಳ್ಕೊಳ್ಳಿ," ಎಂದು ಮೇಷ್ಟ್ರು ಪಾಠ ಮುಗಿಸುತ್ತಿದ್ದರು.

ನಾನು ಅರಸೀಕೆರೆಯ ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಜಾವಗಲ್ಲಿನಲ್ಲೇ ಉಳಿದೆ. ಮೇಷ್ಟ್ರ ಮನೆ ನಮ್ಮ ಮನೆಗೆ ಎದುರು ಸಾಲು. ಅವರಿಗೆ ಮಕ್ಕಳಿರಲಿಲ್ಲ. ರಿಟೈರಾದ ವರ್ಷವೇ ಹೆಂಡತಿ ಕಮಲಮ್ಮ ತೀರಿಕೊಂಡರು. ಅಲ್ಲಿಂದ ಮುಂದೆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ದೀಪ ಹಚ್ಚುವ ಕೆಲಸವನ್ನೂ ಅವರೇ ಮಾಡುತ್ತಿದ್ದರು. "ರೋಮಿನೋರಿಗೂ ಬಾಗಿಲಿಗೊಂದು ದೇವರು, ಒಲೆಗೊಂದು ದೇವರು. ಊರಿನ ಒಲೆ ಆರದ ಹಾಗೆ ಕಾಯೋಕೇ ಹೆಣ್ಣುಮಕ್ಕಳಿದ್ರು. ನಮ್ಮನೇಲಿ ಕಾಯೋಳು ಹೋದಳು," ಎನ್ನುವರು. ಆಮೇಲೆ ಒಳಗೆ ಹೋಗಿ ಒಬ್ಬರಿಗೇ ಕಾಫಿ ಮಾಡಿಕೊಂಡು ಕುಡಿಯುವರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ನಮ್ಮ ಬೀದಿಯ ನೀರಿನ ಮೋಟರ್ ಪದೇ ಪದೇ ಸುಟ್ಟುಹೋಗುತ್ತಿತ್ತು. ಬೀದಿಯವರೆಲ್ಲ ಸೇರಿ ನೀರಿನ ಸಮಿತಿ ಮಾಡಿ, ಮೇಷ್ಟ್ರ ಮನೆಗೇ ಬಂದು, ನೀವೇ ಅಧ್ಯಕ್ಷರಾಗಬೇಕು ಎಂದರು. ಅವರ ಮುಖ ನೋಡಬೇಕಿತ್ತು ಆವತ್ತು! "ರೋಮಿನೋರಿಗೆ ಮೋಟರ್ ಇತ್ತೇನ್ರೋ? ಬೆಟ್ಟದಿಂದ ಊರಿಗೆ ಬರೀ ಇಳಿಜಾರಿನಲ್ಲೇ ನೀರು ತಂದರು," ಎಂದು ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು. ದಿಣ್ಣೆ ಮೇಲಿದ್ದ ದೊಡ್ಡ ಟ್ಯಾಂಕಿನಿಂದ ಕೆಳಗಿನ ಬೀದಿಯವರೆಗೆ ಗಾರೆಯವನೊಬ್ಬನನ್ನು ಕರೆದುಕೊಂಡು ಬಿಸಿಲಲ್ಲಿ ಮಟ್ಟ ನೋಡಿದರು. ಪೈಪು ಹಾಕಿಸಿದರು. ನಲ್ಲಿಯಲ್ಲಿ ನೀರು ಧೋ ಎಂದು ಬಂದಾಗ ಹೆಂಗಸರು ಅವರಿಗೆ ಆರತಿ ಎತ್ತಲು ಹೋದರೆ ನಾಚಿಕೊಂಡು ಮನೆಯೊಳಗೆ ಸೇರಿಕೊಂಡರು. ಜನ ಅದಕ್ಕೆ ರೋಮ್ ಪೈಪು ಎಂದೇ ಹೆಸರಿಟ್ಟರು.

ಮುಂದಿನ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು, "ಕೆಲಸ ಆಯ್ತು. ಈ ಕುರ್ಚಿ ಇನ್ನು ನಂದಲ್ಲ," ಎಂದು ಕೈಮುಗಿದು ಮನೆಗೆ ಬಂದುಬಿಟ್ಟರು.

ನಮ್ಮೂರಿನಲ್ಲಿ ಯಾರಾದರೂ ತಾನಾಗಿ ಕುರ್ಚಿ ಬಿಟ್ಟರೆ, ಅವನಿಗೆ ಯಾರೋ ಏನೋ ಅಂದಿದ್ದಾರೆ, ಮುನಿಸಿಕೊಂಡಿದ್ದಾನೆ ಎಂದೇ ಲೆಕ್ಕ. ಮುನಿಸಿಕೊಂಡವರನ್ನು ಕೆಣಕಬಾರದು, ತಣ್ಣಗಾಗಲು ಬಿಡಬೇಕು. ಅವರ ಜಾಗಕ್ಕೆ ಅಧ್ಯಕ್ಷನಾದ ನಮ್ಮ ಕ್ಲಾಸಿನ ಶಿವಣ್ಣ ಅದನ್ನೇ ಮಾಡಿದ. ಮೇಷ್ಟ್ರು ಸಿನ್ನಪ್ಪನನ್ನು ನಂಬಿ ಕೂತರು. ಸಭೆ ನಡೆಯುತ್ತಿದ್ದುದು ಅವರ ಮನೆಯೆದುರು, ಚರಂಡಿಯಾಚೆಗಿದ್ದ ಆಂಜನೇಯನ ಗುಡಿ ಜಗಲಿಯ ಮೇಲೆ. ಸಭೆಯಿದ್ದ ದಿನ ಅವರು ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು, ಕಿವಿ ಅತ್ತಲೇ ಇಟ್ಟು ಕೂತಿರುತ್ತಿದ್ದರು.

"ನೀವೇ ಹೋಗಿ ಕೂತ್ಕೊಳ್ಳಿ ಮೇಷ್ಟ್ರೇ, ಯಾರು ಬೇಡ ಅಂತಾರೆ?" ಎಂದೆ.

"ಕರೀದೆ ಹೋಗೋನು ಸೀಸರ್ ಕಣಮ್ಮ. ಸೈನ್ಯ ಕಟ್ಕೊಂಡು ಹೊಳೆ ದಾಟಿದ, ಹಳೇ ರೋಮ್ ಅಲ್ಲಿಗೆ ಮುಗೀತು."

"ಅದು ಹೊಳೆ ಅಲ್ಲ, ಪಂಚಾಯ್ತಿ ಚರಂಡಿ!"

"ಚರಂಡಿ ಆದ್ರೇನು?"

ಶಿವಣ್ಣನನ್ನೂ ಹಿಡಿದು ಕೇಳಿದೆ, ಒಂದು ಮಾತು ಕರೆಯೋಕೆ ನಿನ್ನ ಗಂಟೇನು ಹೋಗುತ್ತೋ ಎಂದು. "ನಾವೇನು ಬ್ಯಾಡ ಅಂದ್ವಾ? ಬರ್ಲಿ, ಕೂರ್ಲಿ. ಅವ್ರಿಗೆ ಕ್ವಾಪ ಐತೆ, ಇಳೀಲಿ ಅಂತ ಸುಮ್ನಿದೀವಿ," ಎಂದ. ಕೋಪವಿಲ್ಲ ಎಂದು ನಾನು ಬಾಯಿ ಬಡಿದುಕೊಂಡರೂ ನಂಬಲಿಲ್ಲ. ಕೋಪವಿಲ್ಲದೆ ಯಾರಾದರೂ ಅಧ್ಯಕ್ಷಗಿರಿ ಬಿಡುತ್ತಾರೆಯೇ ಎಂದು ನನ್ನನ್ನೇ ಕೇಳಿದ. ಹೀಗೆ ವರ್ಷಗಳು ಹೋದವು. ಮೇಷ್ಟ್ರು ಒಣಗಿದರು, ಮಾತೂ ಕಡಿಮೆಯಾಯಿತು. ನೀರೋನನ್ನು ಬೈಯುವುದನ್ನೂ ಬಿಟ್ಟರು.

ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮೇಷ್ಟ್ರು ಬನಿಯನ್ನು, ಮೊಣಕಾಲಿಗೆ ಕಟ್ಟಿದ ಪಂಚೆಯಲ್ಲಿ ಅಂಗಳದ ಮೆಣಸಿನ ಪಾತಿ ಅಗೆಯುತ್ತಿದ್ದರು. ಆಗ ಶಿವಣ್ಣ ಮತ್ತು ಸಮಿತಿಯವರು ಗುಂಪಾಗಿ ಬಂದು ಗೇಟಿನ ಹತ್ತಿರ ನಿಂತರು.

"ಮೇಷ್ಟ್ರೇ, ಒಂದು ಮಾತಿತ್ತು," ಎಂದ ಶಿವಣ್ಣ.

ಮೇಷ್ಟ್ರು ಗುದ್ದಲಿ ಕೆಳಗಿಟ್ಟರು. "ಒಂದ್ನಿಮಿಷ ಇರ್ರಪ್ಪ, ಬಂದೆ," ಎಂದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ನೋಡುತ್ತೇನೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಜರಿಯಂಚಿನ ಪಂಚೆ, ಹೆಗಲ ಮೇಲೆ ಶಲ್ಯ, ಹಣೆಗೆ ವಿಭೂತಿ. ಸಿನ್ನಪ್ಪನೂ ಹಾಗೇ ಮಾಡಿದ್ದ ಎಂದು ಮೇಷ್ಟ್ರೇ ಪಾಠದಲ್ಲಿ ಹೇಳಿದ್ದರು. ಕರೆಯಲು ಬಂದವರು ಹೊಲದಲ್ಲೇ ನಿಂತಿದ್ದಾಗ, ಹೆಂಡತಿಯ ಕೈಲಿ ಸಭೆಯ ಉಡುಪು ತರಿಸಿ ಹೊದ್ದುಕೊಂಡೇ ಅವನು ಅವರ ಮಾತು ಕೇಳಿದ್ದು. ಇವರಿಗೆ ತಂದುಕೊಡಲು ಯಾರೂ ಇರಲಿಲ್ಲ. ತಾವೇ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದರು.

"ಹೇಳ್ರಪ್ಪ," ಎಂದರು.

ಶಿವಣ್ಣ ತಲೆ ಕೆರೆದುಕೊಂಡ. "ಏನಿಲ್ಲ ಮೇಷ್ಟ್ರೇ. ಟ್ಯಾಂಕ್ ತೊಳಿಸ್ಬೇಕಿತ್ತು. ನಿಮ್ಮನೇಲಿ ಉದ್ದದ ಏಣಿ ಐತಲ್ಲ, ಸಾಯಂಕಾಲ ತಂದುಕೊಡ್ತೀವಿ." ಆಮೇಲೆ ಬಟ್ಟೆ ನೋಡಿ, "ಎಲ್ಲೋ ಹೊರಟಿದ್ರೇನೋ, ತೊಂದ್ರೆ ಆಯ್ತಾ?" ಎಂದ.

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನಿಗೇನು ಗೊತ್ತು, ಪಾಪ.

"ಹೂಂ, ಹಾಸನಕ್ಕೆ ಹೊರಟಿದ್ದೆ," ಎಂದರು ಮೇಷ್ಟ್ರು. "ಏಣಿ ಹಿತ್ತಲಲ್ಲಿದೆ, ತಗೊಂಡ್ಹೋಗಿ."

ಅವರು ಏಣಿ ಹೊತ್ತು ಹೋದ ಮೇಲೆ ಮೇಷ್ಟ್ರು ಬಾಗಿಲಿಗೆ ಬೀಗ ಹಾಕಿದರು. ಹಾಸನಕ್ಕೆ ಎಂದು ಬಾಯಲ್ಲಿ ಬಂದಿತ್ತಲ್ಲ, ನಿಜವಾಗಿಯೂ ಬಸ್ ಸ್ಟ್ಯಾಂಡಿಗೆ ಹೊರಟರು! ನಾನು ಕಾಯಿ ಮೊರ ಅಲ್ಲೇ ಬಿಟ್ಟು ಹಿಂದೆಯೇ ಓಡಿದೆ.

"ಹಾಸನದಲ್ಲಿ ಯಾರಿದಾರೆ ಮೇಷ್ಟ್ರೇ?"

"ಯಾರೂ ಇಲ್ಲಮ್ಮ."

ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತು ನೇರವಾಗಿ ಮುಂದೆ ನೋಡುತ್ತಿದ್ದರು. ನನಗೆ ಅಳು ಒತ್ತರಿಸಿ ಬಂತು. ಕಿಟಕಿಯ ಕೆಳಗೆ ನಿಂತು, "ಸಂಜೆ ವಾಪಸ್ ಬಂದವರು ಸೀದಾ ನಮ್ಮನೇಗೆ ಊಟಕ್ಕೆ ಬರಬೇಕು. ಅವರೆಕಾಳು ಸಾರು ಮಾಡ್ತೀನಿ," ಎಂದು ಕೂಗಿದೆ.

ಅವರು ತಿರುಗಿ ನೋಡಿದರು. "ಕರೀತಿದೀಯೇನಮ್ಮ?"

"ಕರೀತಿದೀನಿ ಮೇಷ್ಟ್ರೇ."

ಆ ಚಳಿಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಈಗ ಆ ಮನೆಯಲ್ಲಿ ಬೇರೆಯವರು ಬಾಡಿಗೆಗಿದ್ದಾರೆ. ಆದರೆ ಆವತ್ತು ಸಂಜೆ ಅವರು ಬಂದಿದ್ದರು. ಸಾರು ಕುದಿಯುತ್ತಿತ್ತು, ಇನ್ನೂ ಯಾಕೆ ಬರಲಿಲ್ಲ ಎಂದು ಬಾಗಿಲು ತೆಗೆದು ನೋಡಿದರೆ, ಜುಬ್ಬ ಶಲ್ಯದಲ್ಲೇ ಹೊರಗೆ ನಿಂತಿದ್ದರು. ಯಾವಾಗ ಬಂದು ನಿಂತರೋ! ನಾನು ಬೀದಿಗೆ ಇಳಿದು, ಬನ್ನಿ ಮೇಷ್ಟ್ರೇ ಎಂದು ಇನ್ನೊಮ್ಮೆ ಕರೆಯುವವರೆಗೂ ಅವರು ಒಳಗೆ ಕಾಲಿಡಲಿಲ್ಲ.